ಹೆಚ್ಚಾದ ಎಸಳು

ಕಳ್ಳತನವೆಂದ ಮೇಲೆ ಏನಾದರೂ ಕಡಿಮೆಯಾಗಿರಬೇಕು. ಆದರೆ ಆ ಶುಕ್ರವಾರ ಬೆಳಿಗ್ಗೆ ಬುಖಾರಾದ ಆ ಪುಟ್ಟ ಮ್ಯೂಸಿಯಮ್ಮಿನಲ್ಲಿ ಕಡಿಮೆಯಾದದ್ದು ಏನೂ ಇರಲಿಲ್ಲ. ಒಂದು ಎಸಳು ಹೆಚ್ಚಾಗಿತ್ತು, ಅಷ್ಟೆ. ಕಟ್ಟುಕಥೆಯೆಂದು ಮೂಗು ಮುರಿಯಬೇಡಿ, ನಡೆದದ್ದೇ ಇದು. ಅವತ್ತು ಅಲ್ಲಿದ್ದವರೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಕೇಳಿದರೆ ಸತ್ಯವನ್ನೇ ಹೇಳುತ್ತಾರೆ — ಒಬ್ಬೊಬ್ಬರು ಒಂದೊಂದು ಸತ್ಯ.

ಮೊದಲು ನೋಡಿದವರು ಎರ್ಗಷ್. ಬೂಟಿನ ಮೇಲೆ ಮ್ಯೂಸಿಯಮ್ಮಿನ ಉಣ್ಣೆಯ ಮೇಲ್ಚಪ್ಪಲಿ ಸಿಕ್ಕಿಸಿಕೊಂಡು, ಮರದ ನೆಲದ ಮೇಲೆ ಜಾರುತ್ತ ಜಾರುತ್ತ, ಗೋಡೆಗೆ ತೂಗುಹಾಕಿದ್ದ ತಮ್ಮ ಅಜ್ಜಿಯ ಕಸೂತಿ ಹಚ್ಚಡದ ಮುಂದೆ ಬಂದು ನಿಂತರು. ಎಂದಿನಂತೆ ಬಲಗಡೆಯ ಕೆಳಮೂಲೆಗೆ ಬಾಗಿದರು. ಬಾಗಿದವರು ಹಾಗೇ ಉಳಿದರು.

"ಹೊಲಿದುಬಿಟ್ಟಿದಾನೆ," ಅಂದರು.

"ಯಾರು? ಏನನ್ನ?" ಹಿಂದೆಯೇ ಬಂದ ಹೆಂಡತಿ ಸಬೋಹತ್ ಕೇಳಿದರು.

"ಎಸಳು, ಒನಾಸಿ. ಅಜ್ಜಿ ಬಿಟ್ಟ ಎಸಳು. ಹೊಲಿದು ಮುಗಿಸಿಬಿಟ್ಟಿದಾನೆ."

ಒನಾಸಿ ಎಂದರೆ ಮಕ್ಕಳ ತಾಯಿ. ಗಂಡ ಹೆಂಡತಿ ಹೆಸರು ಹಿಡಿದು ಕೂಗುವ ಮನೆಯಲ್ಲ ಅದು. ಆಕೆಗೂ ಇವರು 'ದಾದಾಸಿ', ಮಕ್ಕಳ ಅಪ್ಪ. ಸಬೋಹತ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಸಿದರು. ಭುಜಗಳು ಕುಲುಕುತ್ತಿದ್ದವು. ಪಾಪ, ಅಳುತ್ತಿದ್ದಾಳೆ ಎಂದುಕೊಂಡರು ಎರ್ಗಷ್.

ಆ ಎಸಳಿನ ವಿಷಯ ಊರಿಗೇ ಗೊತ್ತು. ಗೊತ್ತಿಲ್ಲದ ಒಬ್ಬರನ್ನೂ ಎರ್ಗಷ್ ಉಳಿಸಿರಲಿಲ್ಲ. ಮದುವಣಗಿತ್ತಿ ತವರಿನಿಂದ ತರುವ ಹಚ್ಚಡದಲ್ಲಿ ಒಂದು ಹೂವನ್ನು ಬೇಕೆಂದೇ ಅರ್ಧಕ್ಕೆ ಬಿಡುತ್ತಾರೆ. ಕಸೂತಿ ಮುಗಿಯದಿದ್ದರೆ ಆ ಮನೆಯ ಮದುವೆಗಳೂ ಮುಗಿಯುವುದಿಲ್ಲವೆಂದು ನಂಬಿಕೆ. ಅಜ್ಜಿ ಬಿಟ್ಟದ್ದು ಒಂದೇ ಎಸಳು, ಅಂಗೈಯಗಲದ್ದು. ಬಟ್ಟೆಯ ಮೇಲೆ ಶಾಯಿಯ ಗೆರೆಯಿತ್ತು, ರೇಷ್ಮೆ ಇರಲಿಲ್ಲ. ಮೂರು ತಲೆಮಾರಿನ ಮದುವೆಗಳಲ್ಲಿ ಆ ಹಚ್ಚಡ ಗೋಡೆಗೇರಿ ಇಳಿದಿತ್ತು, ಯಾರ ಸೂಜಿಯೂ ಅತ್ತ ಸುಳಿದಿರಲಿಲ್ಲ. ಈಗ ಆ ಜಾಗದಲ್ಲಿ ಕೆಂಪು ರೇಷ್ಮೆಯ ತುಂಬು ಎಸಳು ಮಿರಮಿರ ಮಿಂಚುತ್ತಿತ್ತು.

ಬಂದದ್ದಾದರೂ ಎಂಥ ದಿನ. ಮ್ಯೂಸಿಯಮ್ಮಿನ ನಿರ್ದೇಶಕಿ ಮುನೀರಾ-ಖಾನಿಮ್ ಮಧ್ಯಾಹ್ನದೊಳಗೆ ಬರುವವರಿದ್ದರು. ಶುಕ್ರವಾರದ ಕೂಟದವರು ಮನೆಯಿಂದ ತಂದಿಟ್ಟ ಹಳೆಯ ವಸ್ತುಗಳಲ್ಲಿ ಒಂದೇ ಒಂದನ್ನು ಆರಿಸಿ, ಮಾಡಿದವರ ಹೆಸರು ಬರೆದು, ಶಾಶ್ವತವಾಗಿ ಈ ಕೋಣೆಯಲ್ಲಿ ಇಡುವುದೆಂದು ಮಾತಾಗಿತ್ತು. ಕೊನೆಗೆ ಕಣದಲ್ಲಿ ಉಳಿದದ್ದು ಎರಡು: ಎರ್ಗಷ್ ಅಜ್ಜಿಯ ಹಚ್ಚಡ, ಮತ್ತು ಎದುರಿನ ಗಾಜಿನ ಪೆಟ್ಟಿಗೆಯಲ್ಲಿದ್ದ ರವ್ಶನ್‌ನ ಮುತ್ತಜ್ಜನ ಮಣ್ಣಿನ ತಟ್ಟೆ. ಹಳೆಯ ವಸ್ತುವಿಗೆ ಹೊಸ ಕೈ ಸೋಕಿದ್ದರೆ ಅದು ಆಟದಿಂದ ಹೊರಗೆ ಎಂದು ಮುನೀರಾ-ಖಾನಿಮ್ ಮೊದಲೇ ಹೇಳಿದ್ದರು.

ಶುಕ್ರವಾರದ ಕೂಟವೆಂದರೆ ಮ್ಯೂಸಿಯಮ್ಮಿನಲ್ಲಿ ಕೆಲಸವಿಲ್ಲದವರ ಕೂಟ. ಚಿತ್ರ ನೋಡುವುದು, ಯಾವ ಕಾಲದ್ದು, ಯಾರ ಶೈಲಿಯದು ಎಂದು ಜಗಳವಾಡುವುದು, ಆಮೇಲೆ ಅಂಗಳದ ಮಲ್ಬೆರಿ ಮರದ ಕೆಳಗೆ ಹಸಿರು ಚಹಾ ಕುಡಿದು ರಾಜಿಯಾಗುವುದು. ಅದಕ್ಕೆ ಎರ್ಗಷ್ ಅವರೇ ಗುರು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಅವರನ್ನು ಎಲ್ಲರೂ 'ದೋಮ್ಲಾ', ಅಂದರೆ ಮೇಷ್ಟ್ರೇ, ಎಂದೇ ಕರೆಯುತ್ತಿದ್ದರು. ಕಲೆಯ ಇತಿಹಾಸವನ್ನು ಅವರು ಕಲಿತದ್ದು ಲೈಬ್ರರಿಯ ಕಪ್ಪುಬಿಳುಪು ಪುಸ್ತಕಗಳಿಂದ. ಜಗತ್ತಿನ ದೊಡ್ಡ ದೊಡ್ಡ ಚಿತ್ರಗಳನ್ನೆಲ್ಲ ಬಣ್ಣ ಊಹಿಸಿಕೊಂಡೇ ಪ್ರೀತಿಸಿದವರು.

ಎರಡು ವರ್ಷದ ಹಿಂದೆ ಈ ರವ್ಶನ್ ಬಂದ. ದಂತವೈದ್ಯ, ಬಾಯಿ ತೆರೆದರೆ ದಂತಕಥೆ. ರಜೆ ಬಂದರೆ ವಿಮಾನ ಹತ್ತಿ ಆ ಚಿತ್ರಗಳ ಮುಂದೆಯೇ ಹೋಗಿ ನಿಲ್ಲುವವನು, ಫೋನಿನಲ್ಲಿ ಬಣ್ಣಬಣ್ಣವಾಗಿ ಹೊತ್ತು ತರುವವನು. "ದೋಮ್ಲಾ, ನೀವು ಹೇಳಿದ ಆ ನೀಲಿ, ಅಸಲಿಗೆ ಹಸಿರು," ಎಂದು ಒಮ್ಮೆ ಅಂದಿದ್ದ. ಆ ರಾತ್ರಿ ಎರ್ಗಷ್ ಊಟ ಮಾಡಿರಲಿಲ್ಲ. ಸಾಲದ್ದಕ್ಕೆ, ಇವರು ಮನೆಯಲ್ಲಿ ಹಚ್ಚಡದ ಮುಂದೆ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದ ಪಾಠವನ್ನು ಇವರದೇ ಕೆಮ್ಮಿನ ಸಮೇತ ಒಪ್ಪಿಸಿ ಕೂಟವನ್ನು ನಗಿಸುತ್ತಿದ್ದ:

"ಎಹೆಂ. ಮಕ್ಕಳೇ, ಎಡಗಡೆ ನೋಡಿ, ನನ್ನ ತಲೆ ಎತ್ತರಕ್ಕೆ. ಬಳ್ಳಿ ಮುರಿದಿದೆ, ಕಂಡಿತಾ? ಬಟ್ಟೇನ ಪಟ್ಟಿ ಪಟ್ಟಿ ಮಾಡಿ, ಅಜ್ಜಿ ಒಂದೊಂದನ್ನೇ ಬೇರೆ ಬೇರೆ ಹೊಲಿದು, ಆಮೇಲೆ ಕೂಡಿಸಿದ್ದು. ಅದಕ್ಕೇ ಅಲ್ಲಿ ಬಳ್ಳಿಗೆ ಬಳ್ಳಿ ಸೇರಿಲ್ಲ. ಎಹೆಂ. ಈಗ ಬಲಗಡೆ ಕೆಳಮೂಲೆ. ಬಾಗಿ. ಎಲ್ಲರೂ ಬಾಗಿ."

ಎಲ್ಲರೂ ನಗುತ್ತಿದ್ದರು. ಸಬೋಹತ್ ಕೂಡ. ಎರ್ಗಷ್ ಹೊಟ್ಟೆಯಲ್ಲಿ ಆಗ ಎಷ್ಟು ಉರಿಯುತ್ತಿತ್ತೆಂದರೆ, ಕೂಟದ ಚಹಾಕ್ಕೆ ಬೇರೆ ಒಲೆ ಹಚ್ಚಬೇಕಾಗಿರಲಿಲ್ಲ.

ಈಗ ಬಾಗಿಲಲ್ಲಿ ಅದೇ ರವ್ಶನ್ ಮೇಲ್ಚಪ್ಪಲಿ ಸಿಕ್ಕಿಸಿಕೊಳ್ಳುತ್ತಿದ್ದ.

"ಬಾಪ್ಪ ಬಾ. ಸೂಜಿ ಮನೇಲಿ ಬಿಟ್ಟು ಬಂದ್ಯಾ?" ಅಂದರು ಎರ್ಗಷ್.

"ಯಾವ ಸೂಜಿ ದೋಮ್ಲಾ? ಚುಚ್ಚೋದಾ, ಹೊಲಿಯೋದಾ?"

"ಕೇಳಿದ್ರಾ? ಅವನ ಬಾಯಲ್ಲೇ ಬಂತು."

"ನಿಲ್ಲಿ ಇಬ್ಬರೂ. ಗೋಡೆ ಹತ್ರ ಯಾರೂ ಹೋಗ್ಬೇಡಿ," ಎಂದು ಹಿಂದಿನಿಂದ ಒಂದು ದನಿ ಬಂತು.

ಸನೋಬರ್-ಓಪಾ. ಕೂಟಕ್ಕೆಲ್ಲ ಅಕ್ಕ. ಕೆಲಸದಲ್ಲಿ ಇದ್ದಷ್ಟು ಕಾಲ ಗಡಿಯ ಸುಂಕದ ಕಟ್ಟೆಯಲ್ಲಿ ನಿಂತು ಕಂಬಳಿ, ಕೌದಿ, ಕೋಟಿನ ಅಸ್ತರು ತಪಾಸಣೆ ಮಾಡಿದವರು. ಉಡುಗೊರೆ ಕೊಟ್ಟರೂ ಮೊದಲು ಹಿಂಭಾಗ ತಿರುವಿ ನೋಡಿ, ಆಮೇಲೆ ಸಂತೋಷಪಡುವ ಹೆಂಗಸು.

ಅವರು ಮೊದಲು ಕರೆದದ್ದು ಮ್ಯೂಸಿಯಮ್ಮಿನ ಕಾವಲಿನ ಬಿಬಿಸೋರಾ-ಖೋಲಾರನ್ನು, ಎಲ್ಲರಿಗೂ ಚಿಕ್ಕಮ್ಮ.

"ನಿನ್ನೆ ಬಾಗಿಲು ಹಾಕಿದ್ದು ಯಾರು?"

"ನಾನೇ. ಬೀಗ ಹಾಕಿ, ದಾರ ಕಟ್ಟಿ, ಮೇಣ ಮೆತ್ತಿ ಮುದ್ರೆ ಒತ್ತಿದೆ. ಬೆಳಿಗ್ಗೆ ಮುದ್ರೆ ಹಾಗೇ ಇತ್ತು, ಓಪಾ. ನನ್ನ ಹೆಬ್ಬೆಟ್ಟಿನ ಗುರುತೂ ಹಾಗೇ ಇತ್ತು."

"ಕಿಟಕಿ?"

"ಸರಳಿದೆ. ಬೆಕ್ಕು ನುಗ್ಗತ್ತೆ. ಆದ್ರೆ ಬೆಕ್ಕಿಗೆ ಕಸೂತಿ ಬರಲ್ಲ."

"ಹಚ್ಚಡ ಏರಿಸಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನದ ಮೇಲೆ. ಬಡಗಿಗಳು ಏಣಿ ಹತ್ತಿದ್ರು, ದೋಮ್ಲಾ ಕೆಳಗೆ ನಿಂತು 'ಇನ್ನೂ ಮೇಲೆ, ಇನ್ನೂ ಮೇಲೆ' ಅಂತಿದ್ರು. ಆ ತಟ್ಟೆಗಿಂತ ಎತ್ತರ ಇರ್ಬೇಕಂತೆ. ಅಷ್ಟು ಮೇಲೆ ಹೋದ್ರೆ ತೊಲೆಯ ನೆರಳು ಬೀಳತ್ತೆ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

ಸನೋಬರ್-ಓಪಾ ಮೇಲೆ ನೋಡಿದರು. ಹಚ್ಚಡದ ಮೇಲಂಚು ಕೆತ್ತನೆಯ ತೊಲೆಯ ಕತ್ತಲಲ್ಲಿ ಮುಳುಗಿತ್ತು.

"ಏರಿಸಿದ ಮೇಲೆ ಆ ಮೂಲೆ ನೋಡಿದ್ರಾ ದೋಮ್ಲಾ? ಆಗ ಎಸಳು ಖಾಲಿ ಇತ್ತಾ?"

ಎರ್ಗಷ್ ತಡವರಿಸಿದರು. "ನಿನ್ನೆ... ನಿನ್ನೆ ನಾನು ತಟ್ಟೆ ನೋಡ್ತಿದ್ದೆ."

"ತಟ್ಟೆ?"

"ಅದರ ಮೇಲೆ ಹೊಸ ದೀಪ ಹಾಕಿಸ್ಕೊಂಡಿದಾನೆ, ನೋಡಿ. ನನ್ನ ಅಜ್ಜಿಗೆ ಕಿಟಕಿ ಬೆಳಕು, ಅವನ ತಟ್ಟೆಗೆ ಮದುವೆಮನೆ ಬೆಳಕು. ನಾವೆಲ್ಲ ಹೋದ್ಮೇಲೂ ಇಲ್ಲೇ ಒಬ್ಬನೇ ಇದ್ದ. ಕೇಳಿ ಅವನನ್ನ."

"ಇದ್ದೆ," ಅಂದ ರವ್ಶನ್. "ಅರ್ಧ ಗಂಟೆ. ದೀಪ ತಿರುಗಿಸ್ತಿದ್ದೆ."

"ಅರ್ಧ ಗಂಟೆ ಸಾಕು. ದಿನಾ ಒಸಡು ಹೊಲಿಯೋ ಕೈ ಅದು."

"ಸಾಲಲ್ಲ," ಎಂದು ಬೆಂಚಿನಿಂದ ಸಬೋಹತ್ ಮೆಲ್ಲನೆ ಅಂದರು. "ಅಂಗೈಯಗಲದ ಎಸಳು, ದಾದಾಸಿ. ಎರಡು ದಿನದ ಕೆಲಸ ಅದು."

"ನೀನು ಸುಮ್ನಿರು. ನಿಂಗೆ ನೋಡೋಕೆ ಬರಲ್ಲ."

ಸಬೋಹತ್ ತಲೆವಸ್ತ್ರದ ಅಂಚು ಹುಡುಕಿದರು. ಬಾಯಿಗೆ ಮತ್ತೆ ಬಟ್ಟೆ ಹೋಯಿತು. ಸನೋಬರ್-ಓಪಾರ ಕಣ್ಣು ಆಕೆಯ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು.

"ಬಿಬಿಸೋರಾ, ಇದನ್ನ ಗೋಡೆಗೆ ಹೇಗೆ ನಿಲ್ಲಿಸ್ತೀರಿ? ಮೊಳೆ?"

"ಅಯ್ಯೋ, ಮೊಳೆ ಹೊಡೆದ್ರೆ ನನ್ನೇ ಗೋಡೆಗೆ ಹೊಡೀತಾರೆ. ಹಿಂದುಗಡೆ ಮೇಲಂಚಿಗೆ ಉದ್ದಕ್ಕೂ ಒಂದು ಪಟ್ಟಿ ಹೊಲಿದಿರತ್ತೆ, ಚೀಲದ ಬಾಯಿ ಥರ. ಅದರಲ್ಲಿ ಕೋಲು ತೂರಿಸಿ ತೂಗುಹಾಕೋದು."

"ಪಟ್ಟಿ ಹೊಲಿದದ್ದು?"

"ನಮ್ಮನೇಲೇ," ಅಂದರು ಎರ್ಗಷ್ ಅಸಹನೆಯಿಂದ. "ಕಂಡವರ ಸೂಜಿ ಅಜ್ಜಿ ಬಟ್ಟೆಗೆ ತಾಗಬಾರದು ಅಂತ ಇವಳ ಕೈಲೇ ಹೊಲಿಸ್ದೆ. ಅದೆಲ್ಲ ಈಗ ಯಾಕೆ? ಪಟ್ಟಿ ಕಳೆದುಹೋಗಿಲ್ಲ. ಎಸಳು ಹುಟ್ಟಿದೆ."

"ಸುಮ್ನೆ ಕೇಳ್ದೆ." ಸನೋಬರ್-ಓಪಾ ಹಚ್ಚಡದ ಬಲಗಡೆ ಮಂಡಿಯೂರಿ ಕೂತರು. ಮುಟ್ಟಲಿಲ್ಲ. ತಮ್ಮ ಮೊಣಕಾಲಿನ ಎತ್ತರದಲ್ಲಿ ಹಸಿರು ಬಳ್ಳಿಯೊಂದು ಹೊಲಿಗೆಯ ಕೂಡುಗೆರೆಯಲ್ಲಿ ತುಂಡಾಗಿ, ಒಂದು ಬೆರಳಿನಷ್ಟು ತಪ್ಪಿ ಮುಂದುವರಿದದ್ದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಭೂತಗನ್ನಡಿ ತೆಗೆದು ಎರ್ಗಷ್ ಕೈಗೆ ಕೊಟ್ಟರು.

"ದೋಮ್ಲಾ, ಈ ಹಚ್ಚಡ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿಧಾನವಾಗಿ ನೋಡಿ ಹೇಳಿ. ಈ ಎಸಳು ಯಾರ ಕೈ?"

ಇಂಥ ಗೌರವ ಸಿಕ್ಕಿ ಎರಡು ವರ್ಷವಾಗಿತ್ತು. ಎರ್ಗಷ್ ಕೆಮ್ಮಿದರು, ಬಾಗಿದರು.

"ಎಹೆಂ. ಒರಟು ಕೈ. ದಾರ ಎಳೆದಿರೋದು ನೋಡಿ, ಹಲ್ಲು ಕಿತ್ತ ಹಾಗೆ. ಎಳೆ ಎಳೆಗೂ ಅಂತರ ಒಂದೇ ಥರ ಇಲ್ಲ. ಬಣ್ಣ? ಅಂಗಡಿ ಬಣ್ಣ. ಅಜ್ಜಿಯ ಕೆಂಪು ಒಳಗಿಂದ ಉರಿಯುತ್ತೆ. ಇದು ಬರೀ ಟೊಮೇಟೊ."

"ಪಕ್ಕದ ಎಸಳುಗಳು?"

"ಅವು ಅಜ್ಜಿಯವೇ. ಏನು ಹದ, ಏನು ಮೃದು. ಇದೊಂದು ಮಾತ್ರ ಹೊರಗಿಂದು."

"ಖಂಡಿತಾನಾ?"

"ಮೂವತ್ತು ವರ್ಷ ನೋಡಿದೀನಿ ಓಪಾ."

ರವ್ಶನ್ ಕೂಡ ಕುತ್ತಿಗೆ ಚಾಚಿ ನೋಡಿದ. "ನನಗೇನೋ ಎಲ್ಲ ಒಂದೇ ಕೈ ಅನ್ಸತ್ತೆ. ಹೇಳೋಕೆ ಹೊಟ್ಟೆ ಉರಿಯುತ್ತೆ, ಆದ್ರೂ ಸೊಗಸಾಗಿದೆ. ನನಗೆ ಹೀಗೆ ಹೊಲಿಯೋಕೆ ಬರ್ತಿದ್ರೆ ಹಲ್ಲು ಯಾಕೆ ಕೀಳ್ತಿದ್ದೆ?"

"ತನ್ನ ಹೊಲಿಗೆ ತಾನೇ ಹೊಗಳ್ಕೋತಿದಾನೆ. ಮುನೀರಾ-ಖಾನಿಮ್ ಬರಲಿ. ಒಂದೋ ಈ ಕೂಟದಲ್ಲಿ ಅವನಿರ್ಬೇಕು, ಇಲ್ಲಾ ನಾನಿರ್ಬೇಕು."

ರವ್ಶನ್ ಮುಖದ ನಗೆ ಇಳಿಯಿತು.

"ದೋಮ್ಲಾ, ನಿಮ್ಮನ್ನ ಅಣಕಿಸ್ತೀನಿ, ನಿಜ," ಅಂದ. "ಆದ್ರೆ ಒಂದು ಕೇಳಿ. ಆ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಚಿತ್ರದ ಮುಂದೆ ನಿಂತ್ರೆ ನನಗೆ ಎಲ್ಲಿ ನೋಡ್ಬೇಕು ಅಂತಾನೇ ತಿಳೀತಿರ್ಲಿಲ್ಲ. ಈಗ ಕಿವೀಲಿ ನಿಮ್ಮ ಕೆಮ್ಮು ಕೇಳುತ್ತೆ. 'ಬಾಗಿ' ಅಂತೀರಿ, ಬಾಗ್ತೀನಿ. ಆಗ ಕಾಣುತ್ತೆ. ಅಣಕ ಮಾಡಿ ಮಾಡಿ ಅದನ್ನೇ ಬಾಯಿಪಾಠ ಮಾಡ್ಕೊಂಡಿರೋದು ನಾನು."

ಎರ್ಗಷ್‌ಗೆ ಏನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಎದುರಿನ ತಟ್ಟೆ ದೀಪದಡಿ ಫಳಕ್ಕೆಂದಿತು. ಬಾಯಿ ಮುಚ್ಚಿಕೊಂಡರು.

ಬಾಗಿಲ ಬಳಿ ಹೆಜ್ಜೆ ಸಪ್ಪಳ. ಮುನೀರಾ-ಖಾನಿಮ್ ಬಂದೇಬಿಟ್ಟರು, ಜೊತೆಗೆ ಆಯ್ಕೆಗೆ ಬಂದ ಇನ್ನಿಬ್ಬರು.

"ಏನಿದು, ಎಲ್ಲರ ಮುಖ ಹೀಗಿದೆ?"

"ಕುಳಿತ್ಕೊಳ್ಳಿ ಖಾನಿಮ್," ಅಂದರು ಸನೋಬರ್-ಓಪಾ. "ದೋಮ್ಲಾ ಅವರ ಹಚ್ಚಡದಲ್ಲಿ ಅಜ್ಜಿ ಬಿಟ್ಟ ಎಸಳನ್ನ ಯಾರೋ ಹೊಲಿದಿದಾರಂತೆ. ಬಾಗಿಲ ಮುದ್ರೆ ಒಡೆದಿಲ್ಲ. ಒಬ್ಬನೇ ಇದ್ದವನಿಗೆ ಸಿಕ್ಕಿದ್ದು ಅರ್ಧ ಗಂಟೆ, ಕೆಲಸ ಎರಡು ದಿನದ್ದು. ಹಾಗಾದ್ರೆ ಹೊಲಿದವರು ಯಾರು?"

ಕೇಳಿದವರೇ ಉತ್ತರವನ್ನೂ ಕೊಟ್ಟರು.

"ಯಾರೂ ಅಲ್ಲ. ಇಲ್ಲಿ ಯಾರೂ ಏನನ್ನೂ ಹೊಲಿದಿಲ್ಲ. ರವ್ಶನ್, ನಿನ್ನ ತಟ್ಟೆ ದೀಪ ಬಿಚ್ಕೊಂಡು ಬಾ. ಏಣಿ ಹತ್ತು. ಹಚ್ಚಡದ ಎಡಗಡೆ ಮೇಲ್ಮೂಲೆಗೆ ಹಿಡಿ."

ರವ್ಶನ್ ಹತ್ತಿದ. ತಟ್ಟೆ ಕತ್ತಲಾಯಿತು. ತೊಲೆಯ ನೆರಳೊಳಗೆ ಬೆಳಕು ಬಿದ್ದೊಡನೆ ಅಲ್ಲೊಂದು ದೊಡ್ಡ ಕೆಂಪು ಹೂವು ಎದ್ದು ಬಂತು. ಅದರಲ್ಲಿ ಒಂದು ಎಸಳು ಖಾಲಿ. ಬರೀ ಶಾಯಿಯ ಗೆರೆ, ಅಜ್ಜಿ ಬಿಟ್ಟ ಹಾಗೇ.

"ಅಲ್ಲಿ ಹೇಗೆ ಹೋಯ್ತು?" ಎರ್ಗಷ್ ದನಿ ತೀರ ಸಣ್ಣಗಾಗಿತ್ತು.

"ಎಲ್ಲೂ ಹೋಗಿಲ್ಲ. ಹಚ್ಚಡ ತಲೆಕೆಳಗಾಗಿ ನಿಂತಿದೆ. ನಾಲ್ಕು ಮೂಲೆಗೂ ಒಂದೇ ಥರದ ಹೂವು, ತಿರುಗಿಸಿದ್ರೆ ಯಾರಿಗೂ ತಿಳಿಯಲ್ಲ. ಆದ್ರೆ ಆ ಮುರಿದ ಬಳ್ಳಿ? ಎಡಗಡೆ ನಿಮ್ಮ ತಲೆ ಎತ್ತರಕ್ಕಿದೆ ಅಂತ ನೀವು ಹೇಳಿದ್ದನ್ನ ರವ್ಶನ್ ಹೇಳಿ ಹೇಳಿ ನಮಗೆಲ್ಲ ಬಾಯಿಗೆ ಬಂದಿದೆ. ಇವತ್ತು ಅದು ಬಲಗಡೆ ನನ್ನ ಮೊಣಕಾಲಿಗೆ ಬಂದು ಕೂತಿದೆ. ಬಳ್ಳಿಗೆ ಕಾಲಿಲ್ಲ. ಬಟ್ಟೆಯೇ ತಿರುಗಿರ್ಬೇಕು."

"ಬಡಗಿಗಳು ತಪ್ಪಾಗಿ ಹಾಕಿದ್ರಾ?" ಕೇಳಿದರು ಮುನೀರಾ-ಖಾನಿಮ್.

"ಬಡಗಿಗೆ ಪಟ್ಟಿ ಎಲ್ಲಿದ್ಯೋ ಅದೇ ಮೇಲು. ಕೋಲು ತೂರಿಸಿದ, ಏರಿಸಿದ. ಯಾರು ಬಂದ್ರು, ಯಾರು ಹೋದ್ರು, ಯಾರ ಹತ್ರ ಸೂಜಿ ಇತ್ತು ಅಂತೆಲ್ಲ ಕೇಳಿದ್ವಿ. ಹಿಂದುಗಡೆ ಹೊಲಿಗೆ ಯಾರೂ ನೋಡಲಿಲ್ಲ. ಇದರ ಮೇಲು-ಕೆಳಗು ನಿರ್ಧಾರ ಆಗಿದ್ದು ಈ ಕೋಣೇಲಲ್ಲ, ಮನೇಲಿ. ಕೆಳಗಿನ ಅಂಚಿಗೆ ಪಟ್ಟಿ ಹೊಲಿದ ಕೈಯಲ್ಲಿ." ಸನೋಬರ್-ಓಪಾ ಬೆಂಚಿನತ್ತ ತಿರುಗಿದರು. "ಇಷ್ಟು ಹೊತ್ತು ನಾವು ಅಳು ಅಂದ್ಕೊಂಡಿದ್ದು ಅಳುವಾಗಿರ್ಲಿಲ್ಲ. ಅಲ್ವಾ ಸಬೋಹತ್?"

ಸಬೋಹತ್ ಬಾಯಿಂದ ಬಟ್ಟೆ ತೆಗೆದರು. ಕಣ್ಣಲ್ಲಿ ನೀರಿತ್ತು, ಅದು ತಡೆದಿಟ್ಟ ನಗೆಯ ನೀರು.

"ಮರೆತು ಹೊಲಿದ್ಯಾ, ಒನಾಸಿ?" ಎರ್ಗಷ್ ಕೇಳಿದರು.

"ಇಲ್ಲ ದಾದಾಸಿ. ಬೇಕಂತಲೇ." ಆಕೆ ಎದ್ದು ನಿಂತರು. "ಸತ್ತ ಮುದುಕಿ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಊರಲ್ಲಿ ನಾನೊಬ್ಬಳೇ ಇರ್ಬೇಕು. ಮೂವತ್ತು ವರ್ಷ ಅಜ್ಜಿ ಕೈ, ಅಜ್ಜಿ ಕೆಂಪು. ನಾನು ಹೊಸ ಅಂಗಿ ತೊಟ್ಟು ನಿಂತ್ರೂ ನೀವು ಬಾಗಿ ಅದೇ ಮೂಲೆ ನೋಡ್ತಿದ್ರಿ. ಬಾಯಿ ಬಿಟ್ರೆ ನಿಂಗೆ ನೋಡೋಕೆ ಬರಲ್ಲ ಅಂತಿದ್ರಿ. ಸರಿ, ನೋಡೋಕೆ ಬರೋರು ಎಷ್ಟು ನೋಡ್ತಾರೆ, ನೋಡೋಣ ಅನ್ನಿಸ್ತು. ನಿನ್ನೆ ಏರಿಸಿದ ಕೂಡ್ಲೇ ಕಂಡುಹಿಡೀತೀರಿ, ನಕ್ಕು ಮನೆಗೆ ಹೋಗೋಣ ಅಂದ್ಕೊಂಡಿದ್ದೆ. ನೀವೋ, ತಟ್ಟೆ ನೋಡ್ತಾ ನಿಂತ್ರಿ. ಈ ಹುಡುಗನ ಮೇಲೆ ಬೀಳ್ತೀರಿ ಅಂತ ನಾನೇನು ಕನಸು ಕಂಡಿದ್ನಾ? ಖಾನಿಮ್ ಬಂದ ಕೂಡ್ಲೇ ಹೇಳೋಳಿದ್ದೆ. ಅಷ್ಟರಲ್ಲಿ ಆ ಟೊಮೇಟೊ ಬಂತು. ಬಾಯಿ ತೆಗೆದ್ರೆ ನಗು ಆಚೆ ಬರ್ತಿತ್ತು."

ಟೊಮೇಟೊ. ಎರ್ಗಷ್ ಮೆಲ್ಲಗೆ ಕೆಳಮೂಲೆಯತ್ತ ತಿರುಗಿದರು. ಅಂಗಡಿ ಬಣ್ಣ. ಒರಟು ಕೈ. ಹಲ್ಲು ಕಿತ್ತ ಹಾಗೆ. ಅದನ್ನೆಲ್ಲ ಅಂದದ್ದು ಅಜ್ಜಿಯ ಕೈಗೆ, ಅಜ್ಜಿಯ ಕೆಂಪಿಗೆ. ಒಂದೇ ಹೂವಿನ ಅಕ್ಕಪಕ್ಕದ ಎಸಳುಗಳಲ್ಲಿ ಒಂದು ಮೃದು, ಒಂದು ಒರಟು. ಎಸಳಿನಲ್ಲಿ ಇಲ್ಲದ್ದು ಕಣ್ಣಿಗೆ ಕಂಡದ್ದು ಹೊಟ್ಟೆಯ ಹೊಗೆಯಿಂದ.

"ದಾದಾಸಿ," ಅಂದರು ಸಬೋಹತ್. ದನಿಯಲ್ಲಿ ಈಗ ಸ್ವಲ್ಪ ಅಳುಕಿತ್ತು. "ನಕ್ಷೆ ತಲೆಕೆಳಗೆ ಹಿಡಿದ ಮಕ್ಕಳಿಗೆ ನೀವು ಎಷ್ಟು ಕೊಡ್ತಿದ್ರಿ?"

"ಸೊನ್ನೆ," ಅಂದರು ಭೂಗೋಳದ ಮೇಷ್ಟ್ರು.

ಏಣಿಯ ಮೇಲೆ ದೀಪ ಹಿಡಿದು ನಿಂತ ರವ್ಶನ್ ತುಟಿ ಕಚ್ಚಿಕೊಂಡಿದ್ದ.

"ಹಾಗಾದ್ರೆ ಹಚ್ಚಡದ ಕಸೂತಿಗೆ ಹೊಸ ದಾರ ಬಿದ್ದಿಲ್ಲ," ಎಂದು ಮುನೀರಾ-ಖಾನಿಮ್ ಗಂಭೀರವಾಗಿ ಅಂದರು. "ನಿಮ್ಮ ವಸ್ತುವಿನ ಬಗ್ಗೆ ನೀವೊಂದು ಮಾತು ಹೇಳ್ಬೇಕು ದೋಮ್ಲಾ. ಎಲ್ಲರೂ ಹೇಳ್ತಾರೆ. ಹೇಳಿ."

ಎರ್ಗಷ್ ವಾರದಿಂದ ಸಿದ್ಧಮಾಡಿಟ್ಟಿದ್ದ ಭಾಷಣ ಎದೆಯಲ್ಲೇ ಇತ್ತು. ಅವರು ಕೆಮ್ಮಿದರು.

"ಎಹೆಂ. ಮೂವತ್ತು ವರ್ಷ ಇದರ ಒಂದೇ ಮೂಲೆ ನೋಡಿದೆ ಖಾನಿಮ್. ಉಳಿದ ಮೂರು ಮೂಲೆ ಇವತ್ತೇ ನೋಡಿದ್ದು. ನೋಡಿದ ಕೂಡ್ಲೇ ಬೈದೆ. ಈ ತಟ್ಟೆಯವನು, ನನ್ನ ಪ್ರತಿಸ್ಪರ್ಧಿ, ಇದೇ ಎಸಳನ್ನ ಸೊಗಸಾಗಿದೆ ಅಂದ. ನಾನು ಅವನನ್ನ ಹೊರಗೆ ಹಾಕಿ ಅಂದೆ. ನನ್ನ ಅಜ್ಜಿ ಹೆಸರು ಇಲ್ಲಿ ಉಳಿಯೋದಾದ್ರೆ, ಅದನ್ನ ಸರಿಯಾಗಿ ನೋಡಿದವನು ಅವನು, ನಾನಲ್ಲ. ರವ್ಶನ್, ತಪ್ಪಾಯ್ತು. ಕೆಳಗಿಳಿ, ಬೀಳ್ತೀಯ."

ಮುನೀರಾ-ಖಾನಿಮ್ ಜೊತೆಯವರಿಬ್ಬರ ಕಡೆ ನೋಡಿದರು. ಅವರು ತಲೆಯಾಡಿಸಿದರು.

"ಹಚ್ಚಡ ಇರ್ಲಿ. ಅಜ್ಜಿ ಹೆಸರು ಬರೀತೀವಿ. ಪಟ್ಟಿ ಬಿಚ್ಚಿ ಮತ್ತೆ ಮೊದಲಿನ ಹಾಗೆ ಹೊಲಿಸ್ಬೇಕಾ?"

"ನನ್ನ ಕೇಳ್ಬೇಡಿ," ಅಂದರು ಎರ್ಗಷ್. "ಇದರ ಮೇಲು ಯಾವುದು, ಕೆಳಗು ಯಾವುದು ಅಂತ ಇವಳು ಹೊಲಿದಿದಾಳೆ. ಹಾಗೇ ಇರ್ಲಿ. ಅವನ ದೀಪ ಮಾತ್ರ ಆ ಮೂಲೆಗೆ ಬಿಟ್ಕೊಡ್ತಾನಾ, ಕೇಳಿ."

"ನನ್ನ ತಟ್ಟೆ ಮನೆಗೆ ಹೊರಟಿದೆ, ದೀಪ ಹೊತ್ಕೊಂಡು ಏನು ಮಾಡ್ಲಿ?" ಅಂದ ರವ್ಶನ್ ಏಣಿಯ ಮೇಲಿನಿಂದಲೇ. "ಹೊಟ್ಟೆ ಮಾತ್ರ ಉರೀತಿದೆ ದೋಮ್ಲಾ. ಎರಡು ವರ್ಷ ನೀವು ಹೇಗೆ ಸಹಿಸ್ಕೊಂಡ್ರಿ?" ಆಮೇಲೆ ಗಂಟಲು ಸರಿಮಾಡಿಕೊಂಡು, ಎರ್ಗಷ್ ಅವರದೇ ದನಿಯಲ್ಲಿ ಅಂದ: "ಎಹೆಂ. ಮಕ್ಕಳೇ, ಇನ್ಮೇಲೆ ಬಾಗ್ಬೇಡಿ. ತಲೆ ಎತ್ತಿ. ಎಲ್ಲರೂ ತಲೆ ಎತ್ತಿ. ಕೆಳಗೆ ಕಾಣೋದು ಟೊಮೇಟೊ."

ಮೊದಲು ಬಿಬಿಸೋರಾ-ಖೋಲಾ ಕಿಸಕ್ಕೆಂದರು. ಆಮೇಲೆ ಸಬೋಹತ್, ಈ ಸಲ ಬಾಯಿಗೆ ಬಟ್ಟೆಯಿಲ್ಲದೆ. ಮುನೀರಾ-ಖಾನಿಮ್ ಕನ್ನಡಕ ತೆಗೆದು ಒರೆಸಿಕೊಂಡರು. ಎಲ್ಲರೂ ಎರ್ಗಷ್ ಮುಖ ನೋಡಿದರು. ಆ ಮುಖ ಮೊದಲು ಅಜ್ಜಿಯ ಎಸಳಿನಷ್ಟು ಕೆಂಪಾಯಿತು. ಆಮೇಲೆ ಒಳಗಿನಿಂದ ಏನೋ ಗುಡುಗುಡು ಎಂದಿತು. ತಲೆ ಎತ್ತಿದರು, ಮೇಲಿನ ಖಾಲಿ ಎಸಳು ನೋಡಿದರು, ಬಾಯಿ ತೆರೆದರು.

ಬಿದ್ದು ಬಿದ್ದು ನಕ್ಕರು ಎಂದು ಮಾತಿಗೆ ಹೇಳುವುದುಂಟು. ಎರ್ಗಷ್ ನಿಜವಾಗಿ ಬಿದ್ದರು. ಉಣ್ಣೆಯ ಮೇಲ್ಚಪ್ಪಲಿ ಜಾರಿ, ಅಜ್ಜಿಯ ಕೆಂಪು ಹೂವಿನ ಪಕ್ಕದಲ್ಲೇ ನೆಲಕ್ಕೆ ಕೂತರು. ಎಬ್ಬಿಸಲು ಬಂದ ರವ್ಶನ್‌ನ ಕೈ ಹಿಡಿದುಕೊಂಡು, ಏಳಲೂ ಆಗದೆ ಬಿಡಲೂ ಆಗದೆ, ಅಂಗಳದ ಮಲ್ಬೆರಿ ಮರದ ಗುಬ್ಬಿಗಳು ಹಾರಿಹೋಗುವಷ್ಟು ಜೋರಾಗಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.